ಹೆಬ್ಬೆರಳ ಲೆಕ್ಕ

ಮಂಡಿ ಮೊಹಲ್ಲಾದ ಖಲಂದರ್ ಸಾಬರ ಗುಜರಿಯಲ್ಲಿ
ಹೀಟ್‌ಸಿಂಕಿಗೂ ಕುಕ್ಕರಿನ ಮುಚ್ಚಳಕ್ಕೂ ಒಂದೇ ದರ.
'ಬಾರಮ್ಮ ಆಂಪ್ಲಿಫೈಯರಮ್ಮ' ಎಂದು
ಗೋಣಿಚೀಲವನ್ನು ತಲೆಕೆಳಗು ಸುರುವುತ್ತಾರೆ:
ಸತ್ತ ಯುಪಿಎಸ್‌ಗಳ ಬೆನ್ನೆಲುಬು,
ಯಾವುದೋ ವೆಲ್ಡಿಂಗ್ ಯಂತ್ರದ ಪಕ್ಕೆ,
ಹಲ್ಲು ಮುರಿದ ಬಾಚಣಿಗೆಯಂಥ ಅಲ್ಯೂಮಿನಿಯಂ.

ಮಂಡ್ಯದಿಂದ ಬೆಳಗಿನ ಪ್ಯಾಸೆಂಜರಿಗೆ ಬಂದವಳು ನಾನು.
ಚೀಲದಲ್ಲಿ ಸ್ಟೀಲಿನ ಸ್ಕೇಲು, ಬುತ್ತಿ,
ಮತ್ತೆ ಕಾಗದದಲ್ಲಿ ಸುತ್ತಿದ
ನಾಲ್ಕು ಸುಟ್ಟ ಟ್ರಾನ್ಸಿಸ್ಟರು.
ಕೆರೆಗೋಡಿನ ಕಬಡ್ಡಿಯಲ್ಲಿ, ಕೊನೆಯ ರೈಡಿನಲ್ಲಿ,
ಕಾಮೆಂಟರಿಯ ಜವರಪ್ಪ 'ಹಿಡಿದರು, ಹಿಡಿ' ಅನ್ನುವಾಗ
ಗೊರ್ರ್ ಎಂದು ಸತ್ತವು.
ಹಿಡಿದರೋ ಬಿಟ್ಟರೋ
ಹಿಂದಿನ ಸಾಲಿನವರಿಗೆ ಇಂದಿಗೂ ತಕರಾರು.

'ಇದು ತಗೋ, ಗಟ್ಟಿ ಮಾಲು' ಅನ್ನುತ್ತಾರೆ ಸಾಬರು
ಇಟ್ಟಿಗೆಯಂಥದ್ದೊಂದನ್ನು ತಕ್ಕಡಿಗೆ ಹಾಕಿ.
ಗಟ್ಟಿ ಹೌದು. ಮೊದಲ ಅರ್ಧ ಗಂಟೆ
ಕೊಟ್ಟ ಬಿಸಿಯನ್ನೆಲ್ಲ ನುಂಗಿ ತಣ್ಣಗೆ ಕೂತಿರುತ್ತದೆ,
ಆಮೇಲೆ ಎಲ್ಲವನ್ನೂ ಒಟ್ಟಿಗೆ ನೆನೆಸಿಕೊಳ್ಳುತ್ತದೆ,
ನನ್ನ ಚಿಕ್ಕತ್ತೆಯ ಸಿಟ್ಟಿನ ಹಾಗೆ.
ನನಗೆ ಬೇಕಾದ್ದು ಗಾಳಿಗೆ ಮೈಯೊಡ್ಡುವಂಥದು,
ಕಿರುಬೆರಳು ತೂರುವಷ್ಟು ಸಂದಿರುವ ರೆಕ್ಕೆ.

ಲೆಕ್ಕವನ್ನು ಟಿಕೆಟ್ಟಿನ ಹಿಂದೆ ಬರೆದಿದ್ದೇನೆ:
ಜೋರಾಗಿ ಕೂಗಿಸಿದರೆ ಅರವತ್ತು ವ್ಯಾಟ್ ಬಿಸಿ,
ಏಪ್ರಿಲ್ಲಿನ ಮಂಡ್ಯ ನಲವತ್ತು ಡಿಗ್ರಿ,
ವ್ಯಾಟಿಗೆ ಅರ್ಧ ಡಿಗ್ರಿ, ಅದಕ್ಕಿಂತ ಏರಕೂಡದು.
ಫ್ಯಾನು ಹಾಕು ಅಂತ ಎಲ್ಲರೂ ಹೇಳುತ್ತಾರೆ.
ಕಬಡ್ಡಿ ಅಂಕಣದ ಧೂಳು, ಸಕ್ಕರೆ ಕಾರ್ಖಾನೆಯ ಬೂದಿ,
ಎರಡು ವಾರಕ್ಕೆ ಅದರ ಉಸಿರು ಕಟ್ಟುತ್ತೆ;
ಅದು ನಿಂತದ್ದು ಮೈಕಿನವನಿಗೆ ಕೇಳಿಸುವುದೂ ಇಲ್ಲ.

ನನಗೆ ಕೆಲಸ ಕಲಿಸಿದ ಬೋರಲಿಂಗಣ್ಣ
ಕಾಗದ ಮುಟ್ಟಿದವನಲ್ಲ.
ಹೆಬ್ಬೆರಳು ಲೋಹದ ಮೇಲಿಟ್ಟು ಹತ್ತು ಎಣಿಸುವುದು;
ಐದಕ್ಕೆ ಕಿತ್ತರೆ ದೊಡ್ಡದು ಹಾಕು,
ಹತ್ತು ದಾಟಿದರೆ ಬೆಳಗಿನವರೆಗೂ ಹಾಡಿಸು.
ನಲವತ್ತು ವರ್ಷ ತಪ್ಪಲಿಲ್ಲ ಆ ಬೆರಳು.
ಕೆರೆಗೋಡಿಗೆ ಕಳಿಸುವ ಹಿಂದಿನ ರಾತ್ರಿಯೂ
ಇಟ್ಟ, ಎಣಿಸಿದ, ಇಪ್ಪತ್ತಾದರೂ ತೆಗೆಯಲಿಲ್ಲ.
'ಮಂಜುಗಡ್ಡೆ ಕಣವ್ವ' ಅಂದ.
ಮಾರನೆಯ ದಿನ ಆ ಬೆರಳ ತುದಿಯಲ್ಲಿ
ಅವರೆಕಾಳಿನಷ್ಟು ಬೊಬ್ಬೆ.
ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ, ನೋವಾಯಿತೇ ಅಂದರು.
ಚುಚ್ಚಿದ್ದು ಯಾವಾಗ ಅಂತ ಇವನೇ ಕೇಳಿದ.
ಸಕ್ಕರೆ ಊರಿನವನು; ಸಕ್ಕರೆ ಒಳಗೇ ಇಳಿದಿತ್ತು.

ಅದನ್ನೆಲ್ಲ ಸಾಬರಿಗೆ ಹೇಳಲಿಲ್ಲ.
ರಾಶಿಯ ತಳದಲ್ಲಿ ಸಿಕ್ಕಿತು: ಮೊಳದುದ್ದ,
ಹದಿನೆಂಟು ರೆಕ್ಕೆ, ಒಂದು ಮಾತ್ರ ಸೊಟ್ಟ.
ಸ್ಕೇಲಿನ ಅಂಚಿಟ್ಟು ಬಿಸಿಲಿಗೆ ಹಿಡಿದೆ,
ಕೂದಲೆಳೆ ಬೆಳಕೂ ನುಸುಳಲಿಲ್ಲ.
ಮೂರು ಕೆಜಿ ನೂರು ಗ್ರಾಂ.
ನೂರು ಗ್ರಾಮಿಗೆ ಕಾಸು ಬೇಡವೆಂದರು,
ಸೊಟ್ಟ ರೆಕ್ಕೆಯ ಲೆಕ್ಕಕ್ಕೆ.

ಗುತ್ತಲಿನ ಅಂಗಡಿಯಲ್ಲಿ ರಾತ್ರಿ
ಅಭ್ರಕದ ಹಾಳೆ, ಬಿಳಿ ಪೇಸ್ಟು ತೆಳ್ಳಗೆ,
ವಿಭೂತಿ ಬಳಿದಷ್ಟೂ ಬೇಡ;
ನಾಲ್ಕು ಹೊಸವು, ಎಂಟು ತಿರುಪು,
ರೆಕ್ಕೆಗಳು ನೆಟ್ಟಗೆ, ಬಿಸಿಗೆ ಹತ್ತುವ ದಾರಿ.
ಸ್ಪೀಕರಿನ ಬದಲು ಡಮ್ಮಿ ಲೋಡು, ಒಂದು ಗಂಟೆ.
ಥರ್ಮಾಮೀಟರು ಐವತ್ತಾರು ಎಂದಿತು.
ನಾನು ಹೇಳುವ ಮೊದಲೇ ಬೋರಲಿಂಗಣ್ಣ
ಸ್ಟೂಲು ಎಳೆದುಕೊಂಡು ಬಂದ.
'ನಿನ್ನ ಬೆರಳು ಮಡಗು' ಅಂದ. ಇಟ್ಟೆ.
ಲೋಹದ ಕಡೆ ತಿರುಗಲೂ ಇಲ್ಲ,
ನನ್ನ ಮುಖ ನೋಡುತ್ತ ಎಣಿಸತೊಡಗಿದ:
ಒಂದು, ಎರಡು...
ಏಳಕ್ಕೆ ನನ್ನ ಹುಬ್ಬು ಅಲುಗಿತೇನೋ,
ನಿಲ್ಲಿಸಿ, ಕನ್ನಡಕ ಸರಿಮಾಡಿಕೊಂಡು,
ಇನ್ನೂ ನಿಧಾನವಾಗಿ
ಎಂಟು ಅಂದ.